ಇಪ್ಪತ್ತಮೂರನೆಯ ಡಬ್ಬಿ

ಮುಂಬಯಿ ಹತ್ತಿರದ ನಮ್ಮ ಡೊಂಬಿವಿಲಿಯಲ್ಲಿ ಕೂದಲು ಉದುರಿದರೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಸೊಸೈಟಿ ಮೀಟಿಂಗಿಗೆ ಹೋಗಿ ಟ್ಯಾಂಕರ್ ನೀರಿನ ಬಗ್ಗೆ ಜಗಳ ಮಾಡುತ್ತಾರೆ. ನಾನೂ ಮಾಡಿದೆ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಸೆಕ್ರೆಟರಿಯವರ ಮುಂದೆ ಬಿಚ್ಚಿಟ್ಟೆ. ಅವರು ಮರಾಠಿಯಲ್ಲಿ, "ನನ್ನ ಮನೆಗೂ ಇದೇ ನೀರು, ತಾಈ" ಎಂದು ತಮ್ಮ ಬೋಳುತಲೆ ಸವರಿಕೊಂಡರು. ಮೀಟಿಂಗಿಗೆ ಮೀಟಿಂಗೇ ನಕ್ಕಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಉಳಿದ ಕಾಯಿಲೆಗಳಿಗೂ ನನ್ನ ಹತ್ತಿರ ಒಂದೊಂದು ಕಾರಣ ತಯಾರಿತ್ತು. ಉಗುರು ಪದರ ಪದರವಾಗಿ ಏಳುತ್ತಿತ್ತು. ಅದು ಪಾತ್ರೆ ಸಾಬೂನಿನ ತಪ್ಪು. ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ದಿನವಿಡೀ ನಿಂತರೆ ಊದದೆ ಇನ್ನೇನು? ಈರುಳ್ಳಿ ಹೆಚ್ಚುವಾಗ ಬೆರಳಿಗಾದ ಗಾಯ ಮೂರು ವಾರವಾದರೂ ಮಾಯಲಿಲ್ಲ. ಅದಕ್ಕೆ ಹೊಸ ಚಾಕುವನ್ನು ಬೈದೆ. ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿ ಬಂದಾಗ ಮಾತ್ರ ಬೈಯಲಿಕ್ಕೆ ಯಾರೂ ಸಿಗದೆ, ವಯಸ್ಸಾಯಿತು ಅಂದುಕೊಂಡೆ. ಐವತ್ತೆಂಟು ಒಂದು ವಯಸ್ಸೇ?

ಉಡುಪಿಯ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ನನ್ನ ಗಂಡ ತೀರಿಕೊಂಡ ಮೇಲೆ ನಾನು ಊಟದ ಡಬ್ಬಿ ಕಳಿಸುವ ಕೆಲಸ ಹಿಡಿದೆ. ದಿನಕ್ಕೆ ಇಪ್ಪತ್ತೆರಡು ಡಬ್ಬಿ. ಮೇಲೆ ಕೆಂಪು ಪೇಂಟಿನಲ್ಲಿ ನಂಬರು. ಸೋಮವಾರ, ಶನಿವಾರ ಬಿಟ್ಟು ಕಾಯಿ ಅರೆದು ಮಾಡಿದ ಮೊಟ್ಟೆ ಗಸಿ, ಇಲ್ಲವೆಂದರೆ ಹೆಸರುಕಾಳು, ಕಡಲೆ ಗಸಿ. ಬದಲಾಪುರದಿಂದ ಲೋಕಲ್‌ನಲ್ಲಿ ಬರುವ ಒಬ್ಬ ಹಿರಿಯ ಡಬ್ಬಾವಾಲಾ ಹತ್ತೂವರೆಗೆ ಒಯ್ದು ಮೂರಕ್ಕೆ ವಾಪಸು ತರುತ್ತಾರೆ. ವಾಪಸು ಬಂದ ಪ್ರತಿ ಡಬ್ಬಿಯನ್ನೂ ನಾನು ಬಿಚ್ಚಿ ನೋಡುತ್ತೇನೆ. ಒಂದು ಹಿಡಿ ಉಳಿದಿದ್ದರೂ ಫೋನು. "ಎಂಥ ಮಾರಾಯರೆ, ಡಬ್ಬಿ ಖಾಲಿ ಬರದಿದ್ದರೆ ನಾಳೆಯಿಂದ ಊಟ ಬಂದ್!" ಬ್ಯಾಂಕಿನ ದೊಡ್ಡ ಸಾಹೇಬರೂ ಇದಕ್ಕೆ ಹೆದರುತ್ತಾರೆ.

ನವಿಮುಂಬಯಿಯ ಸೀವುಡ್ಸ್‌ನಲ್ಲಿರುವ ನನ್ನ ಮಗಳು ಒಂದು ಭಾನುವಾರ ಬಂದವಳು ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು, ಬಿದ್ದದ್ದು ಏಳಲಿಲ್ಲ. ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ರಕ್ತ, ಮೂತ್ರ, ಹೃದಯ ಎಲ್ಲ ನೋಡಿಸಿದರು. ವಾರದ ಮೇಲೆ ರಿಪೋರ್ಟು ಹಿಡಿದು, ಕಿಡ್ನಿ, ಹೃದಯ ಸರಿ ಇದೆ, ಪ್ರೋಟೀನು ಮಾತ್ರ ತೀರಾ ಕಡಿಮೆ ಎಂದರು.

"ನಿನ್ನೆ ಏನೇನು ತಿಂದಿರಿ?"

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ಚಪಾತಿ, ಅನ್ನ, ತೊವ್ವೆ, ಮೊಟ್ಟೆ ಗಸಿ, ಹೆಸರುಕಾಳಿನ ಉಸಳಿ, ಮೊಸರು. ಡಾಕ್ಟರು ರಿಪೋರ್ಟನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಆಗ ಮಗಳು ಬಾಯಿ ಹಾಕಿದಳು.

"ಅಮ್ಮಾ, ವೋ ತೋ ತುಮ್ನೇ ಬನಾಯಾ. ಖಾಯಾ ಕ್ಯಾ?"

ಅದು ನಾನು ಮಾಡಿದ ಅಡುಗೆಯಂತೆ, ತಿಂದದ್ದಲ್ಲವಂತೆ. ಸುಳ್ಳು ಹೇಳುವುದು ನನ್ನ ಉದ್ದೇಶವಾಗಿರಲಿಲ್ಲ, ದೇವರಾಣೆ. ಬೆಳಗಿನಿಂದ ಅದರ ಪರಿಮಳದಲ್ಲೇ ನಿಂತು, ಉಪ್ಪುಖಾರ ಹಾಕಿ, ತಿಂದೆ ಅಂತಲೇ ತಲೆಯಲ್ಲಿತ್ತು. ಡಬ್ಬಿ ಕಳಿಸಿ, ಅಡುಗೆಮನೆ ತೊಳೆದು, ಎರಡೂವರೆಗೆ ನಾನು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ. ಗಸಿಯ ಪಾತ್ರೆಯಲ್ಲಿ ಏನಾದರೂ ಅಂಟಿಕೊಂಡಿದ್ದರೆ ಅದಕ್ಕೇ ಅನ್ನ ಹಾಕಿ ಒರೆಸಿಕೊಳ್ಳುತ್ತಿದ್ದೆ. ರಾತ್ರಿ ಚಹಾ, ಖಾರಿ ಬಿಸ್ಕಿಟು. ಡಾಕ್ಟರ ಎದುರು ಇದನ್ನೆಲ್ಲ ಬಾಯಿಬಿಟ್ಟು ಹೇಳುವಾಗ ನನಗೆ ನಾಚಿಕೆಯಾಯಿತು.

ರಿಕ್ಷಾದಲ್ಲಿ ಮಗಳು ತೀರ್ಪು ಕೊಟ್ಟಳು. ಮೂರು ತಿಂಗಳಿಗೆ ಮತ್ತೆ ಟೆಸ್ಟು. ಅಷ್ಟರಲ್ಲಿ ಸುಧಾರಿಸದಿದ್ದರೆ ಡಬ್ಬಿ ಬಂದ್, ಒಲೆ ಬಂದ್, ಸೀವುಡ್ಸ್‌ಗೆ ಬಂದು ಅವಳ ಮನೆಯಲ್ಲಿ ಕೂರಬೇಕು. ಅವಳ ಮನೆ ಚೆನ್ನಾಗಿಯೇ ಇದೆ, ಅಳಿಯ ಸಾಧು. ಆದರೆ ಅಲ್ಲಿ ನಾನು ಯಾರು? ಇಲ್ಲಿ ಇಪ್ಪತ್ತೆರಡು ಜನ ನನ್ನ ಬೈಗುಳಕ್ಕೆ ಹೆದರಿ ಉಣ್ಣುತ್ತಾರೆ. ತಿನ್ನುತ್ತೇನೆ ಮಾರಾಯ್ತಿ, ತಿನ್ನುತ್ತೇನೆ ಎಂದೆ. ನಾಲ್ಕು ದಿನ ತಿಂದೆ. ಐದನೆಯ ದಿನ ಗಿರಾಕಿಯೊಬ್ಬರಿಗೆ ನೆಂಟರು ಬಂದರು, ನನ್ನ ಪಾಲು ಅವರ ಡಬ್ಬಿಗೆ ಹೋಯಿತು. ಮತ್ತೆ ಗಂಜಿ.

ಮುಂದಿನ ವಾರ ಮಗಳ ಫೋನು ಬಂತು. ಹೊಸ ಗಿರಾಕಿ ಇದ್ದಾರೆ, ಹುಷಾರಿಲ್ಲದ ಹೆಂಗಸು, ಎರಡು ಮೊಟ್ಟೆ, ಕಾಳು, ಗಟ್ಟಿ ತೊವ್ವೆ, ಮೊಸರು ಬೇಕು, ವಿಳಾಸ ಡಬ್ಬಾವಾಲಾ ಅಂಕಲ್‌ಗೆ ಗೊತ್ತು ಎಂದಳು. ಕಾಯಿಲೆಯವರು ಎಂದ ಮೇಲೆ ಕೇಳಬೇಕೇ! ಹೊಸ ಡಬ್ಬಿ ತೊಳೆದು ಇಪ್ಪತ್ತಮೂರು ಎಂದು ಬರೆದೆ. ಮೊಸರು ಹುಳಿಯಾಗದಂತೆ ಬೇರೆ ಬಟ್ಟಲಿಗೆ ಹಾಕಿದೆ. ಯಾರ ಮನೆಯ ಹೆಂಗಸೋ ಪಾಪ, ಮಾಡಿ ಹಾಕುವವರು ಯಾರೂ ಇಲ್ಲವೋ ಏನೋ ಎಂದು ಮರುಗಿದೆ.

ಒಂದು ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ಡಬ್ಬಾವಾಲಾ, ಕೈಯಲ್ಲಿ ಇಪ್ಪತ್ತಮೂರು.

"ಏನಾಯಿತು, ಪತ್ತಾ ಸಿಗಲಿಲ್ಲವೇ?" ಎಂದು ನನಗೆ ಬರುವ ಮರಾಠಿಯಲ್ಲಿ ಕೇಳಿದೆ.

"ಪತ್ತಾ ಬರೋಬರ್ ಆಹೇ, ತಾಈ." ವಿಳಾಸ ಸರಿಯಾಗಿಯೇ ಇದೆಯಂತೆ. ಮೀಸೆಯಡಿಯಲ್ಲಿ ನಗುತ್ತಾ ಡಬ್ಬಿ ನನ್ನ ಕೈಗೆ ಕೊಟ್ಟು, ಮೂರಕ್ಕೆ ಬಂದು ಖಾಲಿಯಾಗಿದೆಯೇ ನೋಡುತ್ತೇನೆ ಎಂದು ಇಳಿದು ಹೋದರು.

ಮಗಳಿಗೆ ಫೋನು ಹಚ್ಚಿ ಸಹಸ್ರನಾಮ ಶುರುಮಾಡಿದೆ. ಎಂದೂ ನನಗೆ ಕನ್ನಡದಲ್ಲಿ ಉತ್ತರ ಕೊಡದವಳು ಅವತ್ತು ನನ್ನದೇ ಧಾಟಿಯಲ್ಲಿ, "ಎಂಥ ಮಾರಾಯರೆ, ಡಬ್ಬಿ ಖಾಲಿ ಬರದಿದ್ದರೆ ನಾಳೆಯಿಂದ ಊಟ ಬಂದ್!" ಎಂದು ಇಟ್ಟೇಬಿಟ್ಟಳು. ನನಗೆ ನಗುವೂ ಬಂತು, ಅಳುವೂ ಬಂತು. ಎಷ್ಟೋ ವರ್ಷದ ಮೇಲೆ ಮಧ್ಯಾಹ್ನ ಒಂದಕ್ಕೆ ತಟ್ಟೆ ಇಟ್ಟುಕೊಂಡು ಕೂತೆ. ಹೆಸರುಕಾಳಿಗೆ ಉಪ್ಪು ಚೂರು ಸಾಲದು. ಇಷ್ಟು ದಿನ ಒಬ್ಬನಾದರೂ ಹೇಳಬಾರದಿತ್ತೇ? ಹೆದರುಪುಕ್ಕಲರು!

ಸರಿಯಾಗಿ ಮೂರಕ್ಕೆ ಡಬ್ಬಾವಾಲಾ ಬಂದು, ನನ್ನೆದುರೇ ಮುಚ್ಚಳ ಬಿಚ್ಚಿ ನೋಡಿ, ಉಳಿದ ಖಾಲಿ ಡಬ್ಬಿಗಳ ಜೊತೆ ಇಟ್ಟು ಹೋಗುತ್ತಿದ್ದರು. ದಿನವೂ. ಒಮ್ಮೆ ಅರ್ಧ ಮೊಟ್ಟೆ ಉಳಿದಿದ್ದಕ್ಕೆ ಅದು ಮುಗಿಯುವವರೆಗೆ ಬಾಗಿಲಲ್ಲೇ ನಿಂತರು. ಎರಡನೆಯ ತಿಂಗಳಲ್ಲಿ ಬೆರಳಿನ ಗಾಯದ ಗುರುತೂ ಇರಲಿಲ್ಲ. ಮೂರನೆಯದರಲ್ಲಿ ಬ್ರಿಡ್ಜನ್ನು ಒಂದೇ ಉಸಿರಿಗೆ ಹತ್ತಿ, ಮೇಲೆ ನಿಂತು ಹಿಂದೆ ಬರುವವರನ್ನು ನೋಡಿದೆ.

ಹೇಳಿದ ದಿನ ಮತ್ತೆ ಡಾಕ್ಟರ ಮುಂದೆ ಕೂತೆವು. ಅವರು ಹೊಸ ರಿಪೋರ್ಟು ಓದಿ, ಕನ್ನಡಕ ತೆಗೆದು, "ನಿನ್ನೆ ಏನೇನು ತಿಂದಿರಿ?" ಎಂದು ಕೇಳಿದರು.

ಚಪಾತಿ, ಅನ್ನ, ತೊವ್ವೆ, ಮೊಟ್ಟೆ ಗಸಿ, ಹೆಸರುಕಾಳಿನ ಉಸಳಿ, ಮೊಸರು ಎಂದೆ. ಮಗಳು ಬಾಯಿ ಹಾಕಲಿಲ್ಲ.