ಓಗೊಡುವ ಪೆಟ್ಟಿಗೆ

ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ ಕೊಳ್ಳಲು ಬಂದವರು ಮೊದಲು ಅದರ ದನಿ ಕೇಳುತ್ತಾರೆ. ಹಗ್ಗ ಎಂಬ ಅಡ್ಡಹೆಸರಿನವನು ಮಾತ್ರ ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಬೆನ್ನು ನೋಡಿ, "ಇದರಲ್ಲಿ ಮೈಕ್ ಸಿಕ್ಕಿಸೋ ಜಾಗ ಎಲ್ಲಿದೆ?" ಎಂದ.

"ಹಾಡ್ತೀರಾ ಸರ್?" ಅಂಗಡಿಯವನು ಕೇಳಿದ.

"ನಾನಲ್ಲ. ಅಕ್ಕನಿಗೆ."

"ಓ, ಅವರು ಹಾಡ್ತಾರಾ?"

"ಇಲ್ಲ. ಉಸಿರಾಡ್ತಾಳೆ."

ನಗಬೇಕೋ ಬೇಡವೋ ತಿಳಿಯದೆ ಅಂಗಡಿಯವನು ಧೂಳೊರೆಸುವ ಬಟ್ಟೆ ಕೈಗೆತ್ತಿಕೊಂಡ.

ಅವನಿಗೆ ಹಗ್ಗ ಎಂದು ಹೆಸರಿಟ್ಟವರು ಬ್ಯಾಂಡಿನ ಗೆಳೆಯರು. ಆಳು ತೆಳ್ಳಗೆ ಉದ್ದಕ್ಕಿದ್ದಾನೆ, ಲಿಫ್ಟ್ ರಿಪೇರಿಯ ಕೆಲಸ, ದಿನವೆಲ್ಲ ಹಗ್ಗದ ಸಹವಾಸ. ಇದರ ಮೇಲೆ ಹಗ್ಗ ಕಂಡರೂ ಹಾವು ಎಂದು ಬೆಚ್ಚುವ ಸ್ವಭಾವ. ಅದನ್ನು ತಪ್ಪೆನ್ನಲು ನನಗಂತೂ ಬಾಯಿ ಬರದು. ಲಿಫ್ಟಿನ ಗುಂಡಿಗೆ ಇಳಿದು ತಲೆಯ ಮೇಲಿನ ಕತ್ತಲನ್ನು ಒಂದು ಸಲ ನೋಡಿದವನು ಧೈರ್ಯದ ಮಾತು ಆಡುವುದಿಲ್ಲ. ಅವರ ಕೆಲಸದಲ್ಲಿ ಒಂದು ಕಟ್ಟುಪಾಡಿದೆ: ಒಬ್ಬ ಒಳಗೆ, ಒಬ್ಬ ಸ್ವಿಚ್ಚಿನ ಹತ್ತಿರ. ಮೇಲಿನವನು ಕೂಗಿದರೆ ಕೆಳಗಿನವನು "ಓ" ಎನ್ನಬೇಕು, ಕೆಳಗಿನವನು ಕೂಗಿದರೆ ಮೇಲಿನವನು. ಓಗೊಡುವವರೆಗೆ ಯಾರೂ ಸ್ವಿಚ್ ಮುಟ್ಟಕೂಡದು.

ಮನೆಯಲ್ಲಿ ಇರುವವರು ಅವನು, ಅವನ ಅಕ್ಕ, ಇಬ್ಬರೇ. ಹೆತ್ತವರು ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಅವಳೇ. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು ಹೊಲಿದು, ಬಟ್ಟೆಯ ಧೂಳು ಎದೆಗಿಳಿದು, ಉಬ್ಬಸ ಅಂಟಿಕೊಂಡಿದೆ. ಹೊಲಿಗೆ ಬಿಡು ಎಂದರೆ, "ಬಿಟ್ಟು ಏನು ಮಾಡಲಿ, ನಿನ್ನ ಮುಖ ನೋಡ್ತಾ ಕೂರಲಾ?" ಎನ್ನುತ್ತಾಳೆ.

ಅವನ ಹಳೆಯ ಆಂಪು ಜೋರಾಗಿ ಇಟ್ಟರೆ ಮಾತ್ರ ರುಚಿ, ಸಣ್ಣಗೆ ಇಟ್ಟರೆ ಉಪ್ಪಿಲ್ಲದ ಸಾರು. ಜೋರು ಮಾಡಿದರೆ ಕೆಳಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ತನ್ನ ಸೂರು ಕುಟ್ಟುತ್ತಾಳೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವುದನ್ನು ರೂಢಿಸಿಕೊಂಡ. ಒಂದು ಸಂಜೆ ಹಾಗೆ ಕಣ್ಣುಮುಚ್ಚಿ ನುಡಿಸುತ್ತಿದ್ದಾಗ ಕಾಲಿನ ಹರಡನ್ನು ಏನೋ ಹಿಡಿದಂತಾಯಿತು. ನೋಡಿದರೆ ಅಕ್ಕನ ಕೈ. ಇನ್ಹೇಲರ್ ಹೊಲಿಗೆ ಮಿಷನ್ನಿನ ಅಡಿಗೆ ಉರುಳಿಹೋಗಿ, ಕೂಗಿ ಕೂಗಿ ದನಿ ಬತ್ತಿ, ಅವಳು ನೆಲದ ಮೇಲೆ ತೆವಳಿಕೊಂಡು ಬಂದಿದ್ದಳು. ತುಟಿ ನೀಲಿಗಟ್ಟಿತ್ತು. ಅವಳು ಉಳಿದುಕೊಂಡಳು. ಆದರೆ ಆ ಕೈಯ ಹಿಡಿತ ಅವನ ಕಾಲನ್ನು ಬಿಡಲಿಲ್ಲ. ಅಂದಿನಿಂದ ಮನೆಯಲ್ಲಿ ಗಿಟಾರು ಮೂಲೆ ಸೇರಿತು.

ಬ್ಯಾಂಡಿನವರು ಎಷ್ಟು ದಿನ ಕಾದಾರು? ಡ್ರಮ್ ಬಾರಿಸುವವನು ಬಸ್ ಡ್ರೈವರ್, ಮುಚ್ಚುಮರೆ ತಿಳಿಯದವನು. "ನೋಡು ಹಗ್ಗ, ಮನೇಲಿ ಅಭ್ಯಾಸ ಮಾಡದೆ ಭಾನುವಾರ ಇಲ್ಲಿಗೆ ಬಂದು ತಡಕಾಡ್ತೀಯ. ಆಗಲ್ಲ ಅಂದ್ರೆ ಆಗಲ್ಲ ಅನ್ನು" ಎಂದುಬಿಟ್ಟ. ಗಿಟಾರು ಬಿಟ್ಟರೆ ಅವನ ಪಾಲಿಗೆ ಉಳಿಯುವುದು ಲಿಫ್ಟಿನ ಗುಂಡಿಯೊಂದೇ.

ಅದಕ್ಕೇ ಈ ಅಂಗಡಿಗೆ ಬಂದಿದ್ದ. ಅಂಗಡಿಯವನು ಕೊನೆಗೊಂದು ಪೆಟ್ಟಿಗೆ ತೋರಿಸಿದ. "ಇದು ಮಾಡೆಲಿಂಗ್ ಆಂಪ್ ಸರ್. ಹಳೇ ದೊಡ್ಡ ದೊಡ್ಡ ಆಂಪ್‌ಗಳ ದನಿಯೆಲ್ಲ ಇದೊಂದರಲ್ಲೇ ಬರುತ್ತೆ. ಪಿಸುಮಾತಿನಷ್ಟು ಸಣ್ಣಗಿಟ್ಟರೂ ಗಡಸು ಹೋಗಲ್ಲ. ಬ್ಯಾಂಡಿಗೆ ಒಯ್ದರೆ ಡ್ರಮ್ಮಿಗೂ ಸಮಕ್ಕೆ ನಿಲ್ಲುತ್ತೆ. ಹೆಡ್‌ಫೋನು, ಮೈಕು, ಫೋನು, ಎಲ್ಲಾ ಸೇರಿಸಬಹುದು."

ಹಗ್ಗ ಅವನ ಕೈಗೇ ಮೈಕ್ ಕೊಟ್ಟು ಅಂಗಡಿಯ ಆ ತುದಿಗೆ ಕಳಿಸಿದ. ತಾನು ಹೆಡ್‌ಫೋನ್ ಹಾಕಿಕೊಂಡು ಗಿಟಾರು ಮೀಟುತ್ತ, "ಉಸಿರಾಡಿ. ಇನ್ನೂ ಮೆಲ್ಲಗೆ. ಈಗ ಸ್ವಲ್ಪ ಏದುಸಿರು ಬಿಡಿ" ಎಂದು ಕೂಗಿದ. ಪಾಪದ ಮನುಷ್ಯ, ಏದುಸಿರನ್ನೂ ಬಿಟ್ಟ. ವ್ಯಾಪಾರ ಅಂದರೆ ಸುಮ್ಮನೆಯೇ?

ಆ ಪೆಟ್ಟಿಗೆಯನ್ನೇ ಕೊಂಡು ಮನೆಗೆ ತಂದು, ಮೈಕನ್ನು ಅಕ್ಕನ ಹೊಲಿಗೆ ಮಿಷನ್ನಿನ ಮೇಜಿಗೆ ಕಟ್ಟಿದ. ಸಂಜೆ ಹೆಡ್‌ಫೋನಿನಲ್ಲಿ ಗಿಟಾರಿನ ಹಿಂದೆಯೇ ಮಿಷನ್ನಿನ ಕಟಕಟ, ಅದರ ಹಿಂದೆ ಅಕ್ಕನ ಎದೆಯ ಸುಂಯ್ ಎಂಬ ಸದ್ದು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ನೂಲು ಬದಲಿಸಲು ಅವಳು ಮಿಷನ್ ನಿಲ್ಲಿಸಿದರೆ ಇವನ ಬೆರಳೂ ನಿಲ್ಲುತ್ತಿತ್ತು. ಅವಳು ಕೆಮ್ಮಿದರೆ ಬೆನ್ನು ಬೆವರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಉಸಿರು ಪಟ್ಟನೆ ನಿಂತುಹೋಯಿತು. ಕಟಕಟವೂ ಇಲ್ಲ, ಸುಂಯ್ ಎಂಬುದೂ ಇಲ್ಲ. ಹಗ್ಗ ಹೆಡ್‌ಫೋನ್ ಕಿತ್ತೆಸೆದು, ಗಿಟಾರಿನ ಸಮೇತ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಕಿತ್ತ ಮೈಕಿನ ವೈರು.

"ಯಾಕೆ ಕಿತ್ತೆ? ನನ್ನ ಜೀವ ಬಾಯಿಗೆ ಬಂತು!"

"ಬರಲಿ. ನನ್ನ ಜೀವ ದಿನಾ ಎಲ್ಲಿರುತ್ತೆ ಅಂತ ಕೇಳಿದೀಯಾ?" ಅಕ್ಕ ಗೋಡೆಗೆ ಒರಗಿದಳು. "ಬೆಳಿಗ್ಗೆ ಆ ಗುಂಡಿಗೆ ಇಳಿಯೋಕೆ ಹೋಗ್ತೀಯ. ನೀನು ಬರೋವರೆಗೂ ಮೆಟ್ಟಿಲ ಮೇಲೆ ಯಾರದ್ದೇ ಹೆಜ್ಜೆ ಸದ್ದಾದ್ರೂ ನಂಗೆ ಭಯ, ಸುದ್ದಿ ತಂದ್ರೇನೋ ಅಂತ. ಬಂದ ಮೇಲೂ ಅದನ್ನ ಕಿವಿಗೆ ಸಿಕ್ಕಿಸ್ಕೊಂಡು ಬಾಗಿಲು ಹಾಕ್ಕೊಂಡು ಕೂರ್ತೀಯ. ನನ್ನ ಉಸಿರು ನಿಂಗೆ ಕೇಳುತ್ತೆ. ನಿಂದು ನಂಗೆ ಏನು ಕೇಳುತ್ತೆ? ನಿಮ್ಮ ಕೆಲಸದಲ್ಲಿ ಕೂಗಿದ್ರೆ ಇಬ್ಬರೂ ಓ ಅನ್ಬೇಕು ಅಂತೀಯಲ್ಲ. ಈ ಮನೇಲಿ ನಾನೊಬ್ಬಳೇ ಅನ್ಬೇಕಾ?"

ಹಗ್ಗನಿಗೆ ನಾಚಿಕೆಯಾಯಿತು. ತಾನೊಬ್ಬನೇ ಹೆದರುವವನು ಎಂದುಕೊಂಡಿದ್ದ. ಹೆಡ್‌ಫೋನ್ ಗೋಡೆಯ ಮೊಳೆಗೆ ಹೋಯಿತು. ಆಂಪನ್ನು ಅಜ್ಜಿಯ ಪೊರಕೆ ಏಳದಷ್ಟು ಸಣ್ಣಗಿಟ್ಟು, ಎರಡೂ ಕೋಣೆಯ ಬಾಗಿಲು ತೆರೆದು ನುಡಿಸತೊಡಗಿದ.

ಭಾನುವಾರದ ಅಭ್ಯಾಸ ಗೆಳೆಯನ ಗ್ಯಾರೇಜಿನಲ್ಲಿ. ಅಲ್ಲಿಗೂ ಆಂಪ್ ಹೊತ್ತುಕೊಂಡು ಹೋಗಿ, ಅಕ್ಕನಿಗೆ ಫೋನ್ ಮಾಡಿ, ಕರೆ ಕಡಿಯದೆ ಫೋನನ್ನು ಆಂಪಿಗೆ ಸೇರಿಸುತ್ತಿದ್ದ. ಹಾಡು ಮುಗಿದಾಗಲೆಲ್ಲ "ಅಕ್ಕಾ" ಎಂದು ಕೂಗಿದರೆ, ಆಂಪಿನಿಂದ ಗ್ಯಾರೇಜು ತುಂಬುವಂತೆ "ಓ" ಬರುತ್ತಿತ್ತು. ಡ್ರೈವರನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. "ಬ್ಯಾಂಡಿಗೆ ಹೊಸ ಗಾಯಕಿ ಸಿಕ್ಕಿದ್ರು ಬಿಡಪ್ಪ, ಒಂದೇ ಅಕ್ಷರದ ಹಾಡು" ಎನ್ನುತ್ತಿದ್ದ.

ಒಂದು ಭಾನುವಾರ ಹಾಡು ಮುಗಿಯಿತು. "ಅಕ್ಕಾ" ಎಂದ. ಉತ್ತರವಿಲ್ಲ.

ಕರೆ ಕಡಿದಿರಲಿಲ್ಲ. ಆಂಪು ಸಣ್ಣಗೆ ಗುಂಯ್‌ಗುಡುತ್ತಿತ್ತು. "ಅಕ್ಕಾ! ಅಕ್ಕಾ!" ಮಿಷನ್ನಿನ ಸದ್ದೂ ಇಲ್ಲ. ಹಗ್ಗನ ಕಾಲಿನ ಹರಡಿನಲ್ಲಿ ಮತ್ತೆ ಆ ಬೆರಳುಗಳು. ಗಿಟಾರನ್ನು ನೆಲಕ್ಕೆ ಬಿಟ್ಟು ಗ್ಯಾರೇಜಿನ ಬಾಗಿಲಿಗೆ ನುಗ್ಗಿದ. ಡ್ರೈವರ್ ಕೋಲು ಬಿಸುಟು ಗಾಡಿಯ ಕೀಲಿಗೆ ಜೇಬು ತಡಕತೊಡಗಿದ.

ಆಗ ಹಿಂದಿನಿಂದ ಆಂಪು ಉಗುಳಿದಂಥ ಸದ್ದು ಮಾಡಿತು. "ಓ! ಓ ಕಣೋ! ಬಾಯ್ತುಂಬ ಗುಂಡುಸೂಜಿ ಕಚ್ಕೊಂಡಿದ್ದೆ. ಓ ಅಂದಿದ್ರೆ ನುಂಗಿಬಿಡ್ತಿದ್ದೆ."

ಯಾರೂ ನಗಲಿಲ್ಲ. ಡ್ರೈವರ್ ಕೀಲಿಯನ್ನು ಜೇಬಿಗೆ ಹಾಕಿ ಡ್ರಮ್ಮಿನ ಮುಂದೆ ಕುಳಿತು, ಕೋಲೆತ್ತುವ ಮೊದಲು ತಾನೇ ಆಂಪಿನತ್ತ ಬಾಗಿ "ಅಕ್ಕಾ" ಎಂದ. ಓ ಬಂದ ಮೇಲೆಯೇ ಹಾಡು ಶುರುವಾಯಿತು. ಈಗಲೂ ಅವರಲ್ಲಿ ಹಾಗೇ.

ಆ ಸಂಜೆ ಹಗ್ಗ ಮನೆಗೆ ಬಂದಾಗ ಅಕ್ಕ ಪರದೆಯ ಅಂಚು ಮಡಚುತ್ತಿದ್ದಳು. ಎಡ ಮಣಿಕಟ್ಟಿಗೆ ಹಳೆಯ ಬಟ್ಟೆಯ ಉಂಡೆಯೊಂದನ್ನು ಕಟ್ಟಿಕೊಂಡಿದ್ದಳು, ಅದರ ತುಂಬ ಗುಂಡುಸೂಜಿ.

"ಬಾಯಲ್ಲಿ ಇಟ್ಕೊಳ್ಳದಿದ್ರೆ ಕೈ ಓಡಲ್ಲ ಅಂತಿದ್ದೆ?"

"ಓಡಲ್ಲ" ಎಂದಳು ಅಕ್ಕ, ತಲೆಯೆತ್ತದೆ. "ಆದ್ರೆ ನೀನು ಯಾವಾಗ ಕೂಗ್ತೀಯೋ ಗೊತ್ತಿಲ್ಲವಲ್ಲ."