ಕಾಗೆ ಇಳಿಯದ ಹೊಲ

ಮೈಸೂರಿನಲ್ಲಿ ಮಹಾರಾಜರಿದ್ದರು, ನಮ್ಮ ಮನೆಯಲ್ಲಿ ತಾತ ಇದ್ದರು. ಮಹಾರಾಜರಿಗಾದರೂ ದಿವಾನರು, ಪ್ರಜಾಪ್ರತಿನಿಧಿ ಸಭೆ ಎಂದು ಹೇಳುವವರು ಕೇಳುವವರು ಇದ್ದರಂತೆ. ತಾತನಿಗೆ ಅಂಥವರು ಯಾರೂ ಇರಲಿಲ್ಲ. ಯಾವ ಹೊಲಕ್ಕೆ ಯಾವ ಬಿತ್ತನೆ, ದೀಪ ಆರಿಸುವುದು ಎಷ್ಟು ಹೊತ್ತಿಗೆ, ಸೊಸೆಯರ ಕೈಗೆ ಯಾವ ಬಣ್ಣದ ಬಳೆ, ಎಲ್ಲವೂ ಅವರ ಬಾಯಿಂದಲೇ ಬರಬೇಕಿತ್ತು. ಊಟಕ್ಕೆ ಕೂತು ಅವರು ಒಮ್ಮೆ ಕೆಮ್ಮಿದ ಮೇಲೆಯೇ ಉಳಿದವರು ಮುದ್ದೆ ಮುರಿಯುತ್ತಿದ್ದದ್ದು.

ನಮ್ಮದು ಒಂಟಿ ಮನೆ. ಸರಗೂರಿನಿಂದ ಕಾಡಿನ ದಿಕ್ಕಿಗೆ ಗಾಡಿಯಲ್ಲಿ ಅರ್ಧ ದಿನದ ದಾರಿ. ಮನೆಯ ಸುತ್ತ ಹೊಲ, ಹೊಲದ ಸುತ್ತ ಆಳೆತ್ತರದ ಮುಳ್ಳುಬೇಲಿ, ಬೇಲಿಗೆ ಒಂದೇ ಒಂದು ತಡಿಕೆ ಬಾಗಿಲು. ತಾತನ ಅಪ್ಪಣೆಯಿಲ್ಲದೆ ಅದನ್ನು ದಾಟುವಂತಿರಲಿಲ್ಲ. ಸಂತೆಗೆ ಅವರೊಬ್ಬರೇ ಹೋಗುತ್ತಿದ್ದರು. ಉಪ್ಪು, ಬೆಲ್ಲ, ಸೀಮೆಎಣ್ಣೆಯ ಜೊತೆಗೆ ಲೋಕದ ಸುದ್ದಿಯನ್ನೂ ಅವರೇ ತರುತ್ತಿದ್ದರು, ತಮಗೆ ಸರಿಕಂಡಷ್ಟು. ಮೋಟಾರು ಬಸ್ಸು ಅಂತ ಬಂದಿದೆ, ದಿನ ಬೆಳಗಾದರೆ ಎಲ್ಲಾದರೂ ಮಗುಚಿಕೊಳ್ಳುತ್ತದೆ ಎಂದರು. ನಂಬಿದೆವು. ಕಾಫಿ ಕುಡಿದವರಿಗೆಲ್ಲ ಕೈನಡುಕ ಬರುತ್ತಿದೆ ಎಂದರು. ಅದನ್ನೂ ನಂಬಿದೆವು. ನನಗಾಗ ಒಂಬತ್ತೋ ಹತ್ತೋ ವರ್ಷ. ತಾತ ಹೇಳಿದ್ದೇ ನನ್ನ ಭೂಗೋಳ.

ಇಷ್ಟೇ ಬರೆದು ನಿಲ್ಲಿಸಿದರೆ ಅವರು ರಾಕ್ಷಸರಂತೆ ಕಂಡಾರು. ಹಾಗೆ ಕಾಣುವುದು ನನಗೆ ಇಷ್ಟವಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಅವರ ಊರಿಗೆ ಪ್ಲೇಗು ಬಂದಿತ್ತು. ಇಲಿ ಸತ್ತು ಬಿದ್ದದ್ದೇ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ತಾತ ಹೊರಡುವುದು ಸ್ವಲ್ಪ ತಡವಾಯಿತು, ಅಷ್ಟರಲ್ಲಿ ಎರಡು ಮಕ್ಕಳು ಹೋಗಿಬಿಟ್ಟವು. ಉಳಿದ ಇಬ್ಬರು ಗಂಡುಮಕ್ಕಳನ್ನೂ ಒಂದು ಹೆಣ್ಣನ್ನೂ ಅಜ್ಜಿಯನ್ನೂ ಕರೆದುಕೊಂಡು ಎಲ್ಲರಿಗಿಂತ ದೂರಕ್ಕೆ ಬಂದು ಇಲ್ಲಿ ಗುಡಿಸಲು ಕಟ್ಟಿ, ಸುತ್ತ ಬೇಲಿ ಹಾಕಿದರು. ಕಾಯಿಲೆ ಕಳೆದ ಮೇಲೆ ಊರಿನವರು ಊರಿಗೆ ಮರಳಿದರು, ತಾತ ಮರಳಲಿಲ್ಲ. ಗುಡಿಸಲು ಹೆಂಚಿನ ಮನೆಯಾಯಿತು, ಬೇಲಿ ಹಾಗೇ ಉಳಿಯಿತು. ನಾವೆಲ್ಲ ಬದುಕಿದ್ದು ಆ ಬೇಲಿಯಿಂದಲೇ ಎಂದು ಅವರು ನಂಬಿದ್ದರು, ನಿಜವಿದ್ದರೂ ಇರಬಹುದು.

ಸಂಜೆ ದನ ಕಟ್ಟಿದ ಮೇಲೆ ಜಗಲಿಯ ಮೂಲೆಯಲ್ಲಿ ಕಂಬಳಿ ಹಾಸಿ ಕೂತು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗುತ್ತಿದ್ದರು. ಯಾರು ಎಲ್ಲಿದ್ದರೂ ಅಲ್ಲಿಂದಲೇ "ಇವ್ನಿ" ಎನ್ನಬೇಕು, ಇದ್ದೇನೆ ಎಂದು. ಎಲ್ಲರೂ ಇದ್ದಾರೆ ಎಂದು ಗೊತ್ತಾದ ಮೇಲೆ ಅವರ ಮುಖದ ಬಿಗಿ ಸಡಿಲವಾಗುತ್ತಿತ್ತು. ನನ್ನ ಹೆಸರು ಕಟ್ಟಕಡೆಗೆ, ಅದರ ಜೊತೆಗೆ ಒಂದು ಚೂರು ಬೆಲ್ಲ.

ಅವರ ಸಿಟ್ಟೆಲ್ಲ ಕಾಗೆಗಳ ಮೇಲೆ. ಪ್ಲೇಗಿನಲ್ಲಿ ಸತ್ತ ಇಲಿಗಳನ್ನು ಕಚ್ಚಿ ತಂದು ಅಂಗಳಕ್ಕೆ ಹಾಕಿದ್ದು ಅವೇ ಅಂತೆ. ಅಂದಿನಿಂದ ಜಗಲಿಯ ಕಂಬದಲ್ಲಿ ಕವಣೆ ತೂಗುತ್ತಿತ್ತು. ಕಾಗೆ ಕಂಡರೆ ಕಲ್ಲು ಬೀಸಲೇಬೇಕು, ಉಣ್ಣುತ್ತಿದ್ದರೂ ಎದ್ದು ಬೀಸಬೇಕು. ಕೊನೆಕೊನೆಗೆ ಕಾಗೆಗಳು ನಮ್ಮ ಹೊಲದ ಮೇಲೆ ಹಾರಿದರೂ ಇಳಿಯುವುದನ್ನು ಬಿಟ್ಟಿದ್ದವು.

ಸಂಜೆಯ ಕೂಗಿನಲ್ಲಿ ಒಂದು ಹೆಸರು ಬರುತ್ತಿರಲಿಲ್ಲ. ಅದು ನಮ್ಮ ಅತ್ತೆಯದು, ತಾತನ ಒಬ್ಬಳೇ ಮಗಳದು. ಅವಳನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೆ ಅಲ್ಲಿ ಇಲಿ ಬಿದ್ದ ಸುದ್ದಿ ಬಂತು. ಇದ್ದ ಹಾಗೇ ಹೊರಟು ಬಾ ಎಂದು ತಾತ ಗಾಡಿ ಕಳಿಸಿದರು. ಅವಳ ಅತ್ತೆ ಜ್ವರದಿಂದ ಮಲಗಿದ್ದರು. ಬಿಟ್ಟು ಬರಲಾರೆ ಎಂದಳು, ಗಾಡಿ ಬರಿದಾಗಿ ಬಂತು. ತಾತ ತಡಿಕೆಯ ಹತ್ತಿರ ನಿಂತು ಗಾಡಿಯೊಳಗೆ ಇಣುಕಿ ನೋಡಿ, "ಬರ್ನಿಲ್ವಾ? ಇನ್ ಬರಾದೇ ಬ್ಯಾಡ" ಎಂದರಂತೆ. ಅವಳೂ ಬದುಕಿದಳು, ಅವಳ ಅತ್ತೆಯೂ ಬದುಕಿದರು. ಆದರೆ ನಮ್ಮ ಗಾಡಿ ಮತ್ತೆ ಆ ದಾರಿ ಹಿಡಿಯಲಿಲ್ಲ, ಅವಳನ್ನು ನಾನು ಕಂಡೇ ಇರಲಿಲ್ಲ. ಅಜ್ಜಿ ಮಾತ್ರ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮಗಳ ಹೆಸರಿನಲ್ಲಿ ಒಂದು ಮೊರದ ಬಾಗಿನ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು. ಕೊಡುವ ದಾರಿಯಿಲ್ಲ. ಹಬ್ಬ ಕಳೆದ ಮೇಲೆ ತಾನೇ ಇಳಿಸಿ ಬಿಚ್ಚುತ್ತಿದ್ದಳು. ತಾತ ನೋಡಿಯೂ ನೋಡದವರಂತೆ ಇರುತ್ತಿದ್ದರು.

ರಾಗಿ ಒಕ್ಕಣೆಯ ಕಾಲದಲ್ಲಿ ಒಂದು ಬೆಳಿಗ್ಗೆ ತಾತ ಏಳಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೆಯಲ್ಲಿ ದನಿ ಎತ್ತಿದರೆ ತಾತನಿಗೆ ಆಗುತ್ತಿರಲಿಲ್ಲ, ಆದ್ದರಿಂದ ಯಾರೂ ಗಟ್ಟಿಯಾಗಿ ಅಳಲಿಲ್ಲ. ನೆಂಟರಿಗೆ ಆಳು ಕಳಿಸಬೇಕಲ್ಲ ಎಂದು ಅಪ್ಪ ಕೇಳಿದಾಗ ದೊಡ್ಡಪ್ಪ, "ತಡಿಯೋ, ಅಪ್ಪನ್ನ ಒಂದ್ ಮಾತ್ ಕೇಳಿ..." ಎಂದವರು ಅಲ್ಲಿಗೇ ನಿಂತರು. ನಲವತ್ತು ದಾಟಿದ ಗಂಡಸು. ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡು ಅತ್ತರು, ಅದೂ ಸಣ್ಣ ದನಿಯಲ್ಲೇ.

ಅಜ್ಜಿ ಅವರ ಪಕ್ಕದಲ್ಲಿ ಬಂದು ನಿಂತಳು. "ಪಿರಿಯಾಪಟ್ಣುಕ್ಕೂ ಯೋಳಿ ಕಳ್ಸಪ್ಪ."

"ಅಪ್ಪ ಬ್ಯಾಡ ಅಂದವ್ರೆ ಕಣವ್ವ" ಎಂದರು ದೊಡ್ಡಪ್ಪ, ತಾತ ಈಗಷ್ಟೇ ಒಳಗಿನಿಂದ ಹೇಳಿ ಕಳಿಸಿದ ಹಾಗೆ.

 ಮರುಮಾತಾಡಿ ಅಜ್ಜಿಗೆ ರೂಢಿಯೇ ಇರಲಿಲ್ಲ. ಮಗಳಿಲ್ಲದೆಯೇ ತಾತನನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು.

ಮೂರನೆಯ ದಿನ ಹಾಲುತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಮೇಲೆ ಎಡೆ ಇಡಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಜೀವಕ್ಕೆ ಇನ್ನೂ ಏನೋ ಆಸೆ ಉಳಿದಿದೆ ಎಂದು ಅರ್ಥ. ಮುದ್ದೆ, ಉಪ್ಸಾರು, ವಡೆ, ಎಲೆಅಡಿಕೆ, ಹೊಗೆಸೊಪ್ಪು, ಎಲ್ಲವನ್ನೂ ಇಟ್ಟು ದೂರ ನಿಂತು ಕಾದೆವು. ಕಾಗೆ ಎಲ್ಲಿಂದ ಬರಬೇಕು? ಬೇಲಿಯಾಚೆಯ ಹುಣಸೆಮರದ ತುಂಬ ಕೂತಿದ್ದವು, ಒಂದೂ ಈಚೆಗೆ ರೆಕ್ಕೆ ಬಿಚ್ಚಲಿಲ್ಲ. ಕವಣೆ ಬೀಸುವವರು ಮಣ್ಣಿನಡಿ ಇದ್ದಾರೆ ಎಂದು ಅವುಗಳಿಗೆ ಯಾರು ಹೇಳಬೇಕು? ನನಗೆ ಹೊಟ್ಟೆ ಹಸಿದಿತ್ತು. ಕಾಗೆ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ.

ದೊಡ್ಡಪ್ಪ ಕೈಮುಗಿದು ಮುಂದೆ ಬಂದರು. "ಅಪ್ಪ, ನೀವ್ ಯೋಳ್ದಂಗೇ ನಡ್ಕತೀವಿ. ಕಾಪಿ ತರಾಕಿಲ್ಲ. ಬಸ್ಸು ಅತ್ತಾಕಿಲ್ಲ. ತಡಿಕೆ ತಗ್ಯಾಕಿಲ್ಲ." ತಾತ ಬದುಕಿದ್ದಾಗ ಹಾಕದ ಕಟ್ಟುಗಳನ್ನೂ ಒಂದೆರಡು ಸೇರಿಸಿದರು. ಕಾಗೆಗಳು ಕದಲಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಆಗ ಅಜ್ಜಿ, ಕಾಗೆಗಳನ್ನೂ ನೋಡದೆ ಯಾರನ್ನೂ ನೋಡದೆ, "ಮಗಳು ಬರೋಗಂಟ ಅವ್ರು ಮುಟ್ಟಾಕಿಲ್ಲ" ಎಂದಳು.

"ಅಂಗಂತ ಯಾರ್ ಯೋಳಿದ್ರು ನಿಂಗೆ?" ಎಂದರು ದೊಡ್ಡಪ್ಪ.

"ಬ್ಯಾಡ ಅಂತ ನಿಂಗ್ ಯಾರ್ ಯೋಳಿದ್ರೋ ಅವ್ರೇ."

ದೊಡ್ಡಪ್ಪ ಮುಗಿದಿದ್ದ ಕೈ ಇಳಿಸಿದರು. ಕಾಗೆ ಬಾರದಿದ್ದರೆ ಹಸು ಮುಟ್ಟಿದರೂ ನಡೆಯುತ್ತದೆ ಎಂದು ಎಡೆಯನ್ನು ಹಸುವಿಗೆ ಹಾಕಿ ನಾವು ಉಂಡ ಮೇಲೆ ಅಪ್ಪ ಗಾಡಿ ಕಟ್ಟಿದರು. ಹನ್ನೊಂದನೆಯ ದಿನದ ತಿಥಿಯ ಹೊತ್ತಿಗೆ ಅತ್ತೆಯನ್ನು ಕರೆತರಬೇಕು.

ಆಮೇಲಿನ ದಿನಗಳಲ್ಲಿ ಅಜ್ಜಿ ತಡಿಕೆಯ ಒಳಗೆ ನಿಂತು ದಾರಿ ನೋಡಿದಳು. ಗಾಡಿ ಈ ಸಲವೂ ಬರಿದಾಗಿ ಬಂದರೆ ಎಂಬ ಭಯ ಅವಳಿಗಿತ್ತು. ನನ್ನ ಕೈ ಹಿಡಿದುಕೊಂಡಿರುತ್ತಿದ್ದಳು, ಹಿಡಿತ ನೋಯುತ್ತಿತ್ತು. ಒಂದು ಮಧ್ಯಾಹ್ನ ಗಾಡಿ ಕಾಣಿಸಿತು. ಅಪ್ಪ ಎತ್ತುಗಳ ಜೊತೆ ನಡೆದು ಬರುತ್ತಿದ್ದರು, ಕಮಾನಿನೊಳಗೆ ಯಾರಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ. ತಡಿಕೆಯ ಮುಂದೆ ನಿಂತ ಮೇಲೆ ಒಬ್ಬ ಹೆಂಗಸು ಇಳಿದಳು. ತಾತನ ಮೂಗು, ತಾತನ ಗಲ್ಲ. ನಾನು ಅಜ್ಜಿಯ ಹಿಂದಕ್ಕೆ ಸರಿದೆ.

"ಬಾ ಒಳೀಕೆ" ಎಂದರು ಅಪ್ಪ.

ಅತ್ತೆ ಕದಲಲಿಲ್ಲ. "ಬರಬ್ಯಾಡ ಅಂದಿದ್ದು ಅಪ್ಪ. ಬಾ ಅನ್ನಕ್ಕೆ ಅವ್ರೇ ಇಲ್ವಲ್ಲ. ಎಂಗ್ ಬರ್ಲಿ ಅಣ್ಣ?"

 ಬೇಲಿಯ ಹೊರಗೆ ಅಷ್ಟು ವರ್ಷ ಇದ್ದವಳೂ ಬೇಲಿಯೊಳಗಿನ ನಮ್ಮ ಹಾಗೇ ಆಗಿದ್ದಳು. ದೊಡ್ಡಪ್ಪ ಮನೆಯ ಹಿರಿಯ, ಬಾ ಎನ್ನಬೇಕಾದವರು ಅವರು; ಅವರು ತಡಿಕೆಯ ಗೂಟ ಹಿಡಿದುಕೊಂಡು ನೆಲ ನೋಡಿದರು. ಅಜ್ಜಿ ಒಮ್ಮೆ ತಿರುಗಿ ಜಗಲಿಯ ಕಡೆ ನೋಡಿದಳು, ಅಭ್ಯಾಸಬಲ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕೈ ಬಿಟ್ಟು ತಡಿಕೆ ಸರಿಸಿ ಬರಿಗಾಲಲ್ಲಿ ಆಚೆಗೆ ಹೋದಳು. ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಗಾಡಿಯ ನೆರಳಿನಲ್ಲಿ ಕೂರಿಸಿಕೊಂಡಳು. ಅವ್ವ ನೀರು ಒಯ್ದು ಕೊಟ್ಟಳು, ಅಡಿಗೆಯನ್ನೂ ಅಲ್ಲಿಗೇ ಒಯ್ದಳು. ತಾಯಿಮಗಳು ಬೇಲಿಯ ಹೊರಗೆ, ನಾವು ಒಳಗೆ, ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು.

ಸಂಜೆ ದನ ಕಟ್ಟಿ ಆಯಿತು. ತಾತ ಹೋದ ಮೇಲೆ ಆ ಹೊತ್ತಿಗೆ ಮನೆ ಬಿಕೋ ಎನ್ನುತ್ತಿತ್ತು. ಯಾರೂ ಕೂಗುವುದಿಲ್ಲ, ಯಾರೂ ಓಗೊಡುವುದಿಲ್ಲ. ಅವತ್ತು ದೊಡ್ಡಪ್ಪ ಜಗಲಿಗೆ ಬಂದು, ತಾತನ ಕಂಬಳಿಯ ಮೇಲೆ ಅಲ್ಲ, ಅದರ ಪಕ್ಕದ ಬರಿ ನೆಲದಲ್ಲಿ ಕೂತರು. ಗಂಟಲು ಸರಿಮಾಡಿಕೊಂಡು ಅಪ್ಪನ ಹೆಸರು ಕೂಗಿದರು. ಅಪ್ಪ ಕೊಟ್ಟಿಗೆಯಿಂದ "ಇವ್ನಿ" ಎಂದರು. ದೊಡ್ಡಮ್ಮನನ್ನು ಕೂಗಿದರು, ಅವ್ವನನ್ನು ಕೂಗಿದರು, ಅಣ್ಣಂದಿರನ್ನು, ಕಡೆಗೆ ನನ್ನನ್ನು. ನಾನು "ಇವ್ನಿ" ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ದೊಡ್ಡಪ್ಪ ಎದ್ದು ನಿಂತು ಬೇಲಿಯ ಕಡೆ ಮುಖ ಮಾಡಿ ಇನ್ನೊಂದು ಹೆಸರು ಕೂಗಿದರು. ದನಿ ಒಡೆದುಹೋಗಿತ್ತು.

 ಮತ್ತೊಮ್ಮೆ ಕೂಗಿದರು.

"ಇವ್ನಿ ಕಣಣ್ಣ" ಎಂದಳು ಅತ್ತೆ. ತಡಿಕೆ ಕಿರುಗುಟ್ಟಿತು. ಅಜ್ಜಿಯ ಹಿಂದೆ ಅವಳು ಒಳಗೆ ಬರುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಅಳುವುದು ಕೇಳಿಸಿತು. ಶುರುಮಾಡಿದವಳು ಅಜ್ಜಿ. ಆಮೇಲೆ ಎಲ್ಲರೂ ತಾತನಿಗಾಗಿ ಮನಸ್ಸು ಬಿಚ್ಚಿ ಅತ್ತೆವು.

ಹನ್ನೊಂದನೆಯ ದಿನ ಎಡೆಯನ್ನು ಅತ್ತೆಯೇ ಇಟ್ಟಳು. ಕಾಗೆ ಅವತ್ತೂ ಬರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಆಯ್ತು ಬುಡು, ಎಡೆಯ ಅಸೀಗ್ ಆಕಿ" ಎಂದು ಊಟಕ್ಕೆ ಎಬ್ಬಿಸಿದಳು. 

ಬೇಲಿ ಒಂದೇ ದಿನಕ್ಕೆ ಬೀಳಲಿಲ್ಲ. ಊಟಕ್ಕೆ ಕೂತಾಗ ಬಹಳ ಕಾಲ ಆ ಕೆಮ್ಮಿಗಾಗಿ ಕೈ ತಡೆಯುತ್ತಿತ್ತು. ದೊಡ್ಡಪ್ಪ ಕಂಬಳಿಯ ಪಕ್ಕದಲ್ಲೇ ಕೂರುತ್ತಿದ್ದರು, ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಅಪ್ಪ ಒಮ್ಮೆ ಬಸ್ಸು ಹತ್ತಿ ಹೋಗಿ ಬಂದು, ಮಗುಚಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು, ತಾತನಿಗೆ ಕೇಳಿಸೀತು ಎಂಬಂತೆ. ಗೌರಿ ಹಬ್ಬಕ್ಕೆ ಅಟ್ಟದ ಮೊರ ಪಿರಿಯಾಪಟ್ಟಣಕ್ಕೆ ಹೋಯಿತು. ನನಗೆ ಸಂಜೆಯ ಬೆಲ್ಲ ಕೊಡುವವರಿಲ್ಲದಾಯಿತು. ಎಷ್ಟು ಸ್ವಾತಂತ್ರ್ಯ ಬಂದರೂ ಅದೊಂದು ನನಗೆ ಸರಿಹೋಗಲಿಲ್ಲ.

ಕವಣೆಯ ಹುರಿ ಸವೆದು ಲಡ್ಡಾಗಿ ತಾನೇ ಕಳಚಿ ಬಿತ್ತು. ಮಾರನೆಯ ವರ್ಷವೋ ಏನೋ, ಕಾಗೆಗಳು ಅಂಗಳಕ್ಕೆ ಇಳಿದವು. ಅಜ್ಜಿ ಅವುಗಳಿಗೆ ತಂಗಳನ್ನ ಎರಚುತ್ತ ಕೂತಿದ್ದಾಗ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಅಜ್ಜಿ, ಅತ್ತೆ ಬಂದ್ರೂ ತಾತ ಎಡೆ ಮುಟ್ನಿಲ್ವಲ್ಲ. ಅವ್ರಿಗ್ ಬೇಕಾಗಿದ್ದು ಅದಲ್ವಾ?"

ಅಜ್ಜಿ ಕೈಯಲ್ಲಿದ್ದ ಕೊನೆಯ ಅಗುಳನ್ನು ಕಾಗೆಗಳ ಕಡೆ ಒದರಿದಳು.

"ಅವ್ರಿಗೇನ್ ಬೇಕಾಗಿತ್ತೋ ನಾ ಕಾಣೆ ಕಣವ್ವ" ಎಂದಳು. "ನಂಗೆ ನನ್ ಮಗಳು ಬೇಕಾಗಿದ್ಲು."