ತಂಗಿಯ ಕೈಮಾತು

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಬರಲಿಲ್ಲ ಎನ್ನುತ್ತಿದ್ದವರು ಊರಿನವರು. ನನ್ನ ಮಟ್ಟಿಗೆ ಅವಳು ಮಹಾ ಬಾಯಿಬಡುಕಿ. ಹಣೆಯ ಮೇಲೆ ಮೂರು ಬೆರಳು ಎಳೆದರೆ ಅಜ್ಜಿ, ಮೀಸೆ ತಿರುವಿದರೆ ಅಪ್ಪ, ಜಡೆ ಎಳೆದುಕೊಂಡರೆ ನಾನು. ಅಜ್ಜಿ ಕೂತಲ್ಲೇ ತೂಕಡಿಸುವುದನ್ನು ಅವಳು ಆಡಿ ತೋರಿಸಿದರೆ ನಗು ತಡೆಯಲಾಗುತ್ತಿರಲಿಲ್ಲ. ಆ ಕೈಮಾತು ಪೂರ್ತಿ ತಿಳಿಯುತ್ತಿದ್ದದ್ದು ಮನೆಯಲ್ಲಿ ನನಗೊಬ್ಬಳಿಗೇ.

ನಂಜನಗೂಡಿನ ನಮ್ಮ ಮನೆಯ ಮಹಡಿಗೆ ಹಲಗೆಯ ನೆಲ. ಅಲ್ಲಿ ಕಾಲು ಕುಟ್ಟಿದರೆ ಅದುರುವುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು, ತಿರುಗಿ ನೋಡುತ್ತಿದ್ದಳು. ನಾನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ.

ಮೈಸೂರಿನಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಂಡು ಓದುಬರಹ ಕಲಿಸುವ ಶಾಲೆಯಿದೆ ಎಂದು ಯಾರೋ ಅಪ್ಪನಿಗೆ ಹೇಳಿದರು. ಅಪ್ಪ ಅರ್ಜಿ ಬರೆಸಿದರು. ಅಜ್ಜಿಗೆ ಅದು ಬೇಕಿರಲಿಲ್ಲ. ಮೊಮ್ಮಗಳ ಕಿವಿ ತೆರೆಯಲೆಂದು ನಲವತ್ತೆಂಟು ದಿನದ ಹರಕೆ ಹೊತ್ತು, ದಿನಾ ಬೆಳಗ್ಗೆ ಅವಳನ್ನು ಕಪಿಲೆಯಲ್ಲಿ ಮುಳುಗಿಸಿ ನಂಜುಂಡೇಶ್ವರನ ಗುಡಿ ಸುತ್ತಿಸುತ್ತಿದ್ದಳು. ಹರಕೆ ಮುಗಿಯುವ ಮೊದಲೇ ಶಾಲೆಯ ಕಡೆಯಿಂದ ಒಬ್ಬರು ಮಗುವನ್ನು ನೋಡಲು ಬಂದರು.

ಮಹಡಿಯಲ್ಲಿ ಅವರನ್ನು ಕೂರಿಸಿದೆವು. ತಂಗಿಯನ್ನು ಗೋಡೆಯ ಕಡೆಗೆ ನಿಲ್ಲಿಸಿ, ಅವರು ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಅವಳು ಅಲ್ಲಾಡಲಿಲ್ಲ. ಮತ್ತೊಮ್ಮೆ ತಟ್ಟಿದರು. ಅದೇ ಗಳಿಗೆಗೆ ಬಾಗಿಲ ಬಳಿ ನಿಂತಿದ್ದ ನಾನು ಲಂಗದ ನೆರಿಗೆಯೊಳಗೇ ಹಿಮ್ಮಡಿ ಕುಟ್ಟಿದೆ. ತಿಳಿಯದೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವಳು ಹೋದರೆ ನನಗೆ ಯಾರೂ ಇರುವುದಿಲ್ಲ ಎಂಬ ಹೊಟ್ಟೆಸಂಕಟಕ್ಕೆ ಕುಟ್ಟಿದೆ.

ಅವಳು ತಟ್ಟನೆ ತಿರುಗಿದಳು.

"ನೋಡ್ರಪ್ಪಾ, ನಂಜುಂಡ ಕಣ್ಬುಟ್ಟ! ನನ್ ಅರಕೆ ಸುಮ್ಕೆ ಓಗ್ಲಿಲ್ಲ!" ಎಂದು ಅಜ್ಜಿ ಕೂಗಿಕೊಂಡು ನೆಲಕ್ಕೆ ಹಣೆ ಹಚ್ಚಿ ಅತ್ತಳು.

ಬಂದವರು ಅಪ್ಪನಿಗೆ ಮೆಲ್ಲಗೆ ಹೇಳಿದರು: "ಸದ್ದಿಗೆ ತಿರುಗೋ ಮಗು ನಮ್ಮಲ್ಲಿಗೆ ಬೇಡ ಸ್ವಾಮಿ. ಇರೋ ಜಾಗ ಸ್ವಲ್ಪ. ಪೂರಾ ಕೇಳದೇ ಇರೋರಿಗೆ ಕೊಡಬೇಕು."

ಅಜ್ಜಿಯ ಅಳು ನೋಡಿದ ಮೇಲೆ ನಿಜ ಹೇಳಲು ನನಗೆ ನಾಲಗೆ ಏಳಲಿಲ್ಲ. ನಂಜುಂಡನ ಹೆಸರಿಗೆ ಬಂದ ಪವಾಡವನ್ನು ಹನ್ನೊಂದು ವರ್ಷದ ಹುಡುಗಿ ಹೇಗೆ ಸುಳ್ಳೆನ್ನುತ್ತಾಳೆ? ಮರುದಿನದಿಂದಲೇ ಹೊಸ ಕಷ್ಟ ಶುರುವಾಯಿತು. "ಕಿವಿ ಬಂದ್ಮೇಲೆ ಕೈಯ್ಯಾಕೆ? ಬಾಯಲ್ಲಿ ಏಳು" ಎಂದು ಅಜ್ಜಿ ತಂಗಿ ಕೈ ಎತ್ತಿದಾಗಲೆಲ್ಲ ಬೆರಳ ಮೇಲೆ ಹೊಡೆಯುತ್ತಿದ್ದಳು. ಕೆಟ್ಟವಳಲ್ಲ ಅಜ್ಜಿ, ಹೊಡೆದು ತಾನೇ ಎಣ್ಣೆ ಸವರುತ್ತಿದ್ದಳು. ನಾವಿಬ್ಬರೂ ಹಿತ್ತಿಲಲ್ಲಿ, ಸೌದೆಯ ಮರೆಯಲ್ಲಿ ಕದ್ದು ಮಾತಾಡುವುದನ್ನು ಕಲಿತೆವು.

ಅದಾಗಿ ಮೂರು ವರ್ಷಕ್ಕೆ ನನ್ನನ್ನು ನರಸೀಪುರದ ಗಂಡನ ಮನೆಗೆ ಕಳಿಸಿದರು. ಯಾರನ್ನು ಬಿಟ್ಟಿರಲಾರೆ ಎಂದು ಅಷ್ಟು ದೊಡ್ಡ ಮೋಸ ಮಾಡಿದ್ದೆನೋ ಅವಳನ್ನು ಬಿಟ್ಟು ನಾನೇ ಗಾಡಿ ಹತ್ತಿದೆ.

ಮೊದಲ ಸಲ ತವರಿಗೆ ಬಂದಾಗ ಅವ್ವ ಖುಷಿಯಿಂದಲೇ ಹೇಳಿದಳು: "ಈಗ ಆ ಕೈ ತಿರುವೋದೆಲ್ಲ ಬುಟ್ಟವ್ಳೆ ಕಣವ್ವಾ. ಏಳ್ದಂಗೆ ಕೇಳ್ಕಂಡು ಕೂತಿರ್ತಾಳೆ."

ತಂಗಿ ನಡುಮನೆಯ ಕಂಬಕ್ಕೊರಗಿ ಕೂತಿದ್ದಳು. ನಾನು ಎದುರಿಗೆ ಕೂತು, ಹೇಗಿದ್ದೀಯೆ ಎಂದು ಕೈಯೆತ್ತಿ ಕೇಳಿದೆ. ಅವಳು ಗಾಬರಿಯಿಂದ ಅಜ್ಜಿಯ ಕೋಣೆಯ ಕಡೆ ನೋಡಿ, ನನ್ನ ಎರಡೂ ಕೈಗಳನ್ನು ಹಿಡಿದು ನನ್ನ ಮಡಿಲಿಗೆ ಒತ್ತಿ, ಬಿಡದೆ ಹಿಡಿದುಕೊಂಡಳು.